ಕೆರೆ ಲೆಕ್ಕ ಹೂಳಲ್ಲಿದೆ

ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಕಾರ್ಖಾನೆ ತ್ಯಾಜ್ಯ, ನಗರದ ಕೊಳಚೆ ಸೇರ್ತಿದೆ ಅಂತ ಊರವರು ವರ್ಷಗಳಿಂದ ಹೋರಾಡ್ತಿದ್ದಾರೆ. ನಾವು ನೋಡೋದು ಬರೀ ನೀರಿನ ಬಣ್ಣ, ನೊರೆ. ಬಿಕಾಂ ಓದಿದ ನನ್ನ ಭಾಷೇಲಿ ಹೇಳೋದಾದ್ರೆ, ನೀರು ಇವತ್ತಿನ ಕ್ಯಾಶ್, ಹೂಳು ಹಳೇ ಸಾಲದ ಲೆಡ್ಜರ್.

ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹ ಕೆರೆಗೆ ಬಂದ್ರೆ ಕೊಳೆಯಲ್ಲ, ತಳದ ಕೆಸರಲ್ಲಿ ಕೂರುತ್ತೆ. ಅಲ್ಲಿರೋ ಬಸವನಹುಳು, ಕಪ್ಪೆಚಿಪ್ಪು ಕಮ್ಮಿಯಾಗಿ, ವಿಷ ತಡ್ಕೊಳ್ಳೋ ಕೆಲವು ಕೆಂಪು ಹುಳುಗಳೇ ಹೆಚ್ಚಾಗ್ತವೆ. ಅವನ್ನ ಮೀನು ತಿನ್ನುತ್ತೆ, ಮೀನನ್ನ ನಾವು ತಿಂತೀವಿ.

ನಮ್ಮ ಕಡೆ ಕೆರೆ ಗೋಡು ಹೊಲಕ್ಕೆ ಹೊಡೆಯೋದು ರೂಢಿ. ಇಂಥ ಕೆರೆ ಹೂಳೆತ್ತೋ ಮೊದಲು, ನೀರಿನ ರಿಪೋರ್ಟ್ ಜೊತೆ ಹೂಳಿನ ಲೋಹ ಪರೀಕ್ಷೆ ರಿಪೋರ್ಟನ್ನೂ ಗ್ರಾಮಸಭೇಲಿ ಕೇಳಿ.