ಮೊದಲ ಸಹಿ

(ಬೆಸಗರಹಳ್ಳಿಯ ಕೇರಿಯಲ್ಲಿ, ಕೆಲಸಕ್ಕೆ ಹೊರಟ ನಮ್ಮ ಹುಡುಗನನ್ನು ಕಳಿಸಿಕೊಡಲು ಸೇರಿದ ಸಂಜೆ ಆಡಿದ ಮಾತು)



ನಮ್ಮ ಕೇರಿಯ ಹುಡುಗ ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳೂ ಅವನು ಕಂಡ ಕಡೆಯಲ್ಲೆಲ್ಲ ನೀವು ಕೇಳಿದ್ದು ಒಂದೇ ಮಾತು: 'ಕೆಲ್ಸ ಸಿಕ್ತೇನ್ಲಾ ಮಗಾ?' ಅದರ ಹಿಂದೆಯೇ ಇನ್ನೊಂದು: 'ಅದೇನ್ಲಾ ಕೆಮಿಕಲ್ ಅಂದ್ರೆ, ಗೊಬ್ರದಂಗಡಿ ಕೆಲ್ಸವಾ?' ಅವನು ನಕ್ಕು ಸುಮ್ಮನಾಗುತ್ತಿದ್ದ. ಈಗ ಕೆಲಸ ಸಿಕ್ಕಿದೆ. ಒಂದು ಕಾರ್ಖಾನೆಯ ಕೊಳಚೆ ನೀರು ಶುದ್ಧಿ ಮಾಡುವ ವಿಭಾಗದಲ್ಲಿ ಟ್ರೈನಿ ಇಂಜಿನಿಯರು. ಸೋಮವಾರ ಹೊರಡುತ್ತಾನೆ. ಅವನ ಅವ್ವ ಅಗೋ ಅಲ್ಲಿ ಸೆರಗಲ್ಲಿ ಕಣ್ಣೊರೆಸಿಕೊಂಡು ಕೂತವ್ರೆ.

ನಾವು ಬಿ.ಎ. ಓದಿದವರು, ಪದ್ಯ ಕಟ್ಟುವವರು. ಈ ವಿದ್ಯೆ ನಮಗೆ ಗೊತ್ತಿರಲಿಲ್ಲ. ಎರಡು ರಾತ್ರಿ ಅವನನ್ನು ಕೂರಿಸಿಕೊಂಡು ಕೇಳಿದೆವು. ಕೇಳಿದ ಮೇಲೆ ಅನ್ನಿಸಿತು, ಇದು ನಮ್ಮ ಕೇರಿಗೆ ಹೊಸದೇನಲ್ಲ.

ಆಲೆಮನೆ ನೋಡಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುತ್ತದೆ. ಸುಣ್ಣ ಬೀಳುತ್ತದೆ, ಮಡ್ಡಿ ಮೇಲೇಳುತ್ತದೆ, ಬಳಿದು ತೆಗೆಯುತ್ತಾರೆ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಸುರಿಯುವವರೂ ಉಂಟು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಸಕ್ಕರೆ ಕಾರ್ಖಾನೆ ಎಂದರೆ ದೊಡ್ಡ ಆಲೆಮನೆಯೇ. ಹಾಲಿಗೆ ಸುಣ್ಣ ಕೊಡುತ್ತಾರೆ, ಗಂಧಕ ಸುಟ್ಟ ಹೊಗೆ ಹಾಯಿಸುತ್ತಾರೆ, ಕಸರು ಕೆಳಗೆ ಕೂರುತ್ತದೆ. ತಿಳಿಯನ್ನು ಗಾಳಿ ಎಳೆದ ಪಾತ್ರೆಯಲ್ಲಿ ಕಡಿಮೆ ಕಾವಿಗೆ ಕುದಿಸುತ್ತಾರೆ, ಸಕ್ಕರೆ ಕಂದಬಾರದೆಂದು. ಯಾವುದನ್ನು ಎಷ್ಟು ಹಾಕಬೇಕು, ಎಷ್ಟು ಕಾಯಿಸಬೇಕು, ಮಿಕ್ಕ ಕೊಳೆಯನ್ನು ಏನು ಮಾಡಬೇಕು: ಇದೇ ಕೆಮಿಕಲ್ ಇಂಜಿನಿಯರನ ಕೆಲಸ.

ನಮ್ಮ ಮಾದಿಗ ಅಜ್ಜಂದಿರು ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಉದುರಿಸುತ್ತಿದ್ದರು. ತಂಗಡಿ ಚಕ್ಕೆಯ ರಸದಲ್ಲಿ ಹದ ಮಾಡುತ್ತಿದ್ದರು. ಎಷ್ಟು ಸುಣ್ಣ, ಎಷ್ಟು ದಿನ, ಎಲ್ಲಕ್ಕೂ ಕೈಯೇ ಅಳತೆ, ಮೂಗೇ ಮೀಟರು. ಅದನ್ನೇ ಕಾಲೇಜಿನಲ್ಲಿ ಕಲಿತರೆ ಪದವಿ. ಕೇರಿಯಲ್ಲಿ ಮಾಡಿದರೆ ಹೊಲಸು. ಅಜ್ಜನಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ. ಊರಾಚೆ ಜಾಗ ಕೊಟ್ಟರು.

ಈಗ ಮೊಮ್ಮಗನ ಕೈಯಲ್ಲಿ ಸರ್ಟಿಫಿಕೇಟಿದೆ. ಬಾಗಿಲು ತೆರೆಯಿತೇ? ಒಂದು ಕಡೆ ಸಂದರ್ಶನದಲ್ಲಿ ಕೇಳಿದ ಲೆಕ್ಕಕ್ಕೆಲ್ಲ ಉತ್ತರ ಹೇಳಿದ. ಕೊನೆಯ ಪ್ರಶ್ನೆ: 'ಬೆಸಗರಹಳ್ಳೀನಾ? ಊರೊಳಗೆ ಯಾವ ಬೀದಿ?' ಹೇಳಿದ. 'ತಿಳಿಸ್ತೀವಿ' ಅಂದರು. ಇವತ್ತಿಗೂ ತಿಳಿಸಿಲ್ಲ. ಕೆಮಿಕಲ್ ಇಂಜಿನಿಯರಿಂಗಿನ ಯಾವ ಪಾಠದಲ್ಲಿ ಬೀದಿಯ ಹೆಸರು ಬರುತ್ತದೋ ನಮಗೆ ತಿಳಿಯದು.

ಹಿಂದೆ ಓದುತ್ತಿರುವ ತಮ್ಮಂದಿರು, ತಂಗಿಯರು ಇದನ್ನು ಕೇಳಿಸಿಕೊಳ್ಳಿ. ಸಂವಿಧಾನದ 16(4)ನೇ ವಿಧಿ ಸರ್ಕಾರಿ ಸೇವೆಗೆ ಹೇಳಿದ್ದು. ಖಾಸಗಿ ಕಾರ್ಖಾನೆಯ ಕೆಲಸಕ್ಕೆ ಅದು ಬರುವುದಿಲ್ಲ. ಆದರೆ ಎರಡು ಸಂದಿಗಳಿವೆ. ಒಂದು, 1961ರ ಅಪ್ರೆಂಟಿಸ್ ಕಾಯ್ದೆ. 1973ರ ತಿದ್ದುಪಡಿಯಿಂದ ಪದವೀಧರರೂ ಇದರೊಳಗೆ ಬಂದರು. ಇದರ 3ಎ ಕಲಮು, ತರಬೇತಿಯ ಜಾಗಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಪಾಲು ಇಡಬೇಕು ಎನ್ನುತ್ತದೆ. ಖಾಸಗಿಯವರಿಗೂ ಈ ಕಾಯ್ದೆ ಉಂಟು. ಇದನ್ನು ಯಾರೂ ಕರೆದು ಹೇಳುವುದಿಲ್ಲ, ನಾವೇ ಹೋಗಿ ಕೇಳಬೇಕು. ಇನ್ನೊಂದು, ಗೇಟ್ ಪರೀಕ್ಷೆ. ಅದರಲ್ಲಿ ಕೆಮಿಕಲ್ ಇಂಜಿನಿಯರಿಂಗಿಗೇ ಬೇರೆ ಪತ್ರಿಕೆ ಇದೆ. ಸರ್ಕಾರಿ ವಲಯದ ತೈಲ ಕಂಪನಿಗಳು ಆ ಅಂಕ ನೋಡಿ ಇಂಜಿನಿಯರುಗಳನ್ನು ತೆಗೆದುಕೊಂಡಿವೆ. ಕಾರ್ಖಾನೆಯ ಗೇಟು ಬೀದಿ ಕೇಳುತ್ತದೆ. ಆ ಗೇಟು ಅಂಕ ಕೇಳುತ್ತದೆ. ಎರಡು ಸಲ ಬಿದ್ದರೂ ಮೂರನೇ ಸಲ ಬರೆಯಿರಿ.

ಈಗ, ತಮ್ಮಾ, ನಿನಗೆ ಎರಡು ಮಾತು.

ಮೊದಲ ದಿನವೇ ಸಾಹೇಬನಾಗಬೇಡ. ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಯಾವ ವಾಲ್ವು ತಿರುಗಿಸಿದರೆ ಯಾವ ಟ್ಯಾಂಕು ತುಂಬುತ್ತದೆ, ನಡೆದು ನೋಡು. ನೋಡಿದ್ದನ್ನು ಹಾಳೆಯ ಮೇಲೆ ಬರಿ. ಇಪ್ಪತ್ತು ವರ್ಷದಿಂದ ಆ ಪಂಪಿನ ಸದ್ದು ಕೇಳಿದ ಆಪರೇಟರಣ್ಣನಿಗೆ ನಿನ್ನ ಪುಸ್ತಕದಲ್ಲಿಲ್ಲದ್ದು ಗೊತ್ತಿರುತ್ತದೆ. ಅವನ ಪಕ್ಕ ಕೂತು ಉಣ್ಣು. ಈ ಊರಿನ ಹೆಸರು ಹೊತ್ತ ಡಾ. ಬೆಸಗರಹಳ್ಳಿ ರಾಮಣ್ಣ ನಾಡಿ ಹಿಡಿದ ಕೈಯಲ್ಲೇ ಕಥೆಯನ್ನೂ ಬರೆದರು. ನೀನು ಕಥೆ ಬರೆಯದಿದ್ದರೂ ಚಿಂತೆಯಿಲ್ಲ, ಲಾಗ್‌ಬುಕ್ಕಿನಲ್ಲಿ ಮಾತ್ರ ಕಥೆ ಕಟ್ಟಬೇಡ. ಕಂಡ ಅಂಕಿಯನ್ನೇ ಬರಿ.

ಎರಡನೆಯ ಮಾತು ಕಷ್ಟದ್ದು. ಒಂದು ದಿನ ನಿನ್ನ ಮುಂದೆ ಒಂದು ಹಾಳೆ ಬರುತ್ತದೆ. ಟ್ಯಾಂಕಿನ ತಳದಲ್ಲಿ ಕೆಸರು ಕಟ್ಟಿದೆ, ಆಳು ಇಳಿಯಬೇಕು, ಪರ್ಮಿಟ್ಟಿಗೆ ಸಹಿ ಹಾಕು ಅನ್ನುತ್ತಾರೆ. ನಿನ್ನ ಬಾಳಿನ ಮೊದಲ ದೊಡ್ಡ ಸಹಿ ಅದು. ಇಳಿಯುವವನು ಯಾರು? ಗುತ್ತಿಗೆಯವನು. ಅವನ ಕೇರಿ ಯಾವುದು ಅಂತ ನಿನ್ನನ್ನು ಕೇಳಿದ ಹಾಗೆ ಅವನನ್ನು ಯಾರೂ ಕೇಳಿರುವುದಿಲ್ಲ. ಕೇಳದೆಯೇ ಗೊತ್ತಿರುತ್ತದೆ.

ಕೊಳೆತ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ ಅಂತ ನೀನೇ ನಮಗೆ ಹೇಳಿದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗು ಸತ್ತು ನಾತವೇ ತಿಳಿಯುವುದಿಲ್ಲ. 'ವಾಸ್ನೆ ಹೋಯ್ತು, ಇಳೀಲಾ' ಅನ್ನುವ ಹೊತ್ತೇ ಸಾವಿನ ಹೊತ್ತು. ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಮೊದಲು ಇಳಿದವನು ಬೀಳುತ್ತಾನೆ. ಎತ್ತಲು ಹೋದ ತಮ್ಮನೂ ಬೀಳುತ್ತಾನೆ. ಕಾಕಂಬಿ ಹುಳಿಸುವ ಡಿಸ್ಟಿಲರಿಯ ತೊಟ್ಟಿಯಲ್ಲಿ ಕಾರ್ಬನ್ ಡೈಆಕ್ಸೈಡು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಗಾಳಿ ಪರೀಕ್ಷೆ ಮಾಡಿ ಬರೆದು ಕೊಡಬೇಕು. ಇಲ್ಲವೇ ಉಸಿರಾಟದ ಸಲಕರಣೆ ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿ ಹೊರಗೊಬ್ಬ ಹಿಡಿದಿರಬೇಕು. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲೇ ಇದು ಬರೆದಿತ್ತು. ಕಾಯ್ದೆಗಳು ಬದಲಾಗುತ್ತವೆ, ವಿಷಗಾಳಿಯ ಗುಣ ಬದಲಾಗುವುದಿಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷದ ಟ್ಯಾಂಕಿಗೆ ನೀರು ನುಗ್ಗಿತು. ತಂಪು ಮಾಡುವ ಯಂತ್ರವನ್ನು ಮೊದಲೇ ನಿಲ್ಲಿಸಿದ್ದರು. ನಿಲ್ಲಿಸಿ ಎಂದು ಯಾರೋ ಒಬ್ಬರು ಹೇಳಿರಲೇಬೇಕು. ಸುತ್ತಲ ಗುಡಿಸಲುಗಳಲ್ಲಿ ಮಲಗಿದ್ದ ಸಾವಿರಾರು ಜನ ಸತ್ತರು.

ತಲೆಯ ಮೇಲಿನ ಮಲದ ಬುಟ್ಟಿ ಇಳಿಸಿ ಎಂದು 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ಆಜ್ಞೆ ಮಾಡಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು; 2023ರಲ್ಲಿ 30 ಲಕ್ಷ ಎಂದಿತು. ಸಾವಿನ ಬೆಲೆ ಏರಿತು. ಸಾಯುವ ಕೇರಿ ಬದಲಾಗಲಿಲ್ಲ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದವರು. ವಾರಕ್ಕೆ 48 ಗಂಟೆ ದುಡಿಮೆ ಎಂಬ ತಿದ್ದುಪಡಿ 1946ರಲ್ಲಿ ಬಂದದ್ದು ಅವರು ಮಂಡಿಸಿದ ಮಸೂದೆಯಿಂದ. ನೀನು ಪಡೆದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಅವರು ಆ ಮಂಡಳಿಯಲ್ಲಿದ್ದಾಗ. ಓದಿಸಿದ ಕೈ, ದುಡಿಯುವವನ ಬೆನ್ನ ಮೇಲಿದ್ದ ಕೈ, ಎರಡೂ ಒಂದೇ.

ಆದ್ದರಿಂದ, ತಮ್ಮಾ, ಗಾಳಿ ಪರೀಕ್ಷೆ ಆಗದೆ ಸಹಿ ಹಾಕಬೇಡ. ಸುಲಭವಲ್ಲ ಅಂತ ನಮಗೂ ಗೊತ್ತು. ನೀನು ಟ್ರೈನಿ. ಕೆಲಸ ಕಾಯಂ ಆಗಿರುವುದಿಲ್ಲ. ತಲೆ ಮೇಲೆ ಕಾಲೇಜಿನ ಸಾಲ, ಮನೆಯಲ್ಲಿ ತಂಗಿ. 'ಸಹಿ ಹಾಕದಿದ್ದರೆ ಗೇಟು ಅಲ್ಲಿದೆ' ಅನ್ನಬಹುದು. ಪದ್ಯ ಬರೆದುಕೊಂಡು ಊರಲ್ಲೇ ಇರುವ ನಾವು ಇಷ್ಟು ದೊಡ್ಡ ಮಾತು ನಿನಗೆ ಹೇಳಬಹುದೇ? ಬರೀ ಹೇಳಿ ಕೈತೊಳೆದುಕೊಂಡರೆ ಹೇಳಬಾರದು. ಅದಕ್ಕೇ ನಮ್ಮ ಪಾಲಿನದನ್ನೂ ಹೇಳುತ್ತೇವೆ. ಅಂಥ ದಿನ ಬಂದರೆ ನಿನ್ನ ಅರ್ಜಿ ನಾವು ಬರೆಯುತ್ತೇವೆ. ಕಾರ್ಮಿಕ ಇಲಾಖೆಯ ಮೆಟ್ಟಿಲನ್ನು ನಿನ್ನ ಜೊತೆ ಹತ್ತುತ್ತೇವೆ. ಸಾಲದ ಕಂತಿಗೆ ಸಂಘ ಚಂದಾ ಎತ್ತುತ್ತದೆ. ಕೆಲಸ ಹೋಗಿ ಬಂದೆ ಅಂತ ಈ ಕೇರಿಯಲ್ಲಿ ಒಬ್ಬರೂ ಆಡಿಕೊಳ್ಳಬಾರದು. ಹೌದೇನ್ರಪ್ಪಾ? ಜೋರಾಗಿ ಹೇಳಿ, ಅವರವ್ವನಿಗೆ ಕೇಳಬೇಕು.

ನಿನ್ನಜ್ಜ ಹೆಬ್ಬೆಟ್ಟು ಒತ್ತಿದ್ದು ಜೀತದ ಪತ್ರಕ್ಕೆ. ನಿನ್ನ ಸಹಿ ಯಾವುದಕ್ಕೆ ಬೀಳಬೇಕು ಅನ್ನುವುದು ಈಗ ನಿನ್ನ ಕೈಯಲ್ಲಿದೆ.

ಹೋಗ್ಬುಟ್ಟು ಬಾ ತಮ್ಮಾ. ತಲೆಯೆತ್ತಿ ಹೋಗು.

ಜೈ ಭೀಮ್.