ಶೌಚಾಲಯದ ಬಾಗಿಲಲ್ಲೇ ನಿಂತುಬಿಡುವವರು

ಶೌಚಾಲಯದ ಬಗ್ಗೆ ಮಾತಾಡ್ತೀನಿ ಅಂದಾಗ ಗೆಳೆಯರೊಬ್ಬರು "ಎಐ ಬಗ್ಗೆ ಮಾತಾಡು ಮಾರಾಯ, ಜನ ಕೇಳ್ತಾರೆ" ಅಂದರು. ಎಐ ಬಗ್ಗೆ ಮಾತಾಡೋಕೆ ನಮ್ಮ ಪುಣೆಯಲ್ಲಿ ಗಲ್ಲಿಗೊಬ್ಬರು ಸಿಗ್ತಾರೆ. ಹಾಗಾಗಿ ನಾನು ನನ್ನ ವಿಷಯವನ್ನೇ ಹಿಡ್ಕೊಂಡು ಬಂದಿದ್ದೀನಿ.

ಒಂದು ಮಾಲ್‌ನದೋ, ಹೆದ್ದಾರಿ ಪಕ್ಕದ ಫುಡ್ ಮಾಲ್‌ನದೋ ಶೌಚಾಲಯವನ್ನು ನೆನಪಿಸಿಕೊಳ್ಳಿ. ಶನಿವಾರ ಮಧ್ಯಾಹ್ನ, ರಶ್ ಇದೆ. ಬಾಗಿಲು ತೆಗೆದ ಕೂಡಲೇ ಡಾಂಬರ್ ಗುಳಿಗೆ, ಫಿನಾಯಿಲ್, ಗೋಡೆಯ ಡಬ್ಬಿಯಿಂದ ಆಗಾಗ ಪುಸ್ ಅಂತ ಬರುವ ಮಲ್ಲಿಗೆ ಸೆಂಟು, ಮೂರೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಬಿಳಿ ಟೈಲ್ಸು, ಅದರ ಮೇಲೆ ಕಣ್ಣು ಕುಕ್ಕುವ ಎಲ್‌ಇಡಿ, ಎದುರಿಗೆ ಗೋಡೆಯುದ್ದಕ್ಕೂ ಕನ್ನಡಿ. ನೆಲ ಒದ್ದೆ. ನಾಲ್ಕು ಹ್ಯಾಂಡ್ ಡ್ರೈಯರ್ ಇವೆ, ಯಾವುದು ಯಾವಾಗ ಶುರುವಾಗುತ್ತೆ ಗೊತ್ತಿಲ್ಲ. ಒಳಗಡೆ ಯಾರೂ ಮುಟ್ಟದೆಯೇ ಫ್ಲಶ್ ಆಗುತ್ತೆ. ನಮ್ಮಲ್ಲಿ ಹೆಚ್ಚಿನವರು ಮೂಗು ಮುಚ್ಚಿಕೊಂಡು ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಬಂದುಬಿಡ್ತೀವಿ. ಹೊರಗೆ ಬಂದ ಮೇಲೆ ಅದರ ನೆನಪೂ ಇರಲ್ಲ.

ಕೆಲವರು ಆ ಬಾಗಿಲಲ್ಲೇ ನಿಂತುಬಿಡ್ತಾರೆ. ಆಟಿಸಂ ಇರುವ ಅನೇಕರಿಗೆ ಶಬ್ದ, ಬೆಳಕು, ವಾಸನೆ, ಸ್ಪರ್ಶ ನಮಗಿಂತ ಹಲವು ಪಟ್ಟು ಜೋರಾಗಿ ತಟ್ಟುತ್ತವೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದರು. ಇದು ಆಟಿಸಂ ಇರುವವರ ಕಷ್ಟ ಮಾತ್ರವೂ ಅಲ್ಲ. ಮೈಗ್ರೇನ್ ಬರುವ ಸಹೋದ್ಯೋಗಿ ಒಬ್ಬರನ್ನು ಕೇಳಿ ನೋಡಿ, ಆ ಸೆಂಟಿನ ಡಬ್ಬಿ ಏನು ಮಾಡುತ್ತೆ ಅಂತ. ಮರೆವಿನ ಕಾಯಿಲೆ ಇರುವ ಅಜ್ಜ, ಹಿಯರಿಂಗ್ ಏಡ್ ಹಾಕಿಕೊಳ್ಳುವ ಅತ್ತೆ, ಕಿವಿಯ ಭರವಸೆಯಲ್ಲೇ ದಿಕ್ಕು ಹಿಡಿದು ನಡೆಯುವ ಅಂಧರು. ಒಂದು ಡ್ರೈಯರ್ ಶುರುವಾಯ್ತು ಅಂದ್ರೆ ಅಂಧರಿಗೆ ಬಾಗಿಲು ಎಲ್ಲಿದೆ, ನಲ್ಲಿ ಎಲ್ಲಿದೆ ಅನ್ನುವ ಸುಳಿವೆಲ್ಲ ಅಳಿಸಿಹೋಗುತ್ತೆ.

ಈ ಡ್ರೈಯರ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡ್ತೀನಿ. ಕೆನಡಾದ ಕ್ಯಾಲ್ಗರಿಯಲ್ಲಿ ನೋರಾ ಕೀಗನ್ ಅಂತ ಒಬ್ಬ ಹುಡುಗಿ, ಹ್ಯಾಂಡ್ ಡ್ರೈಯರ್‌ನಿಂದ ಕಿವಿ ನೋಯುತ್ತೆ ಅಂತ ಮಕ್ಕಳು ಹೇಳೋದು ನಿಜವಾ ಅಂತ ಅಳೆಯೋಕೆ ಹೊರಟಳು. ಸಾರ್ವಜನಿಕ ಶೌಚಾಲಯಗಳಲ್ಲಿದ್ದ 44 ಡ್ರೈಯರ್‌ಗಳ ಸದ್ದನ್ನು ಬೇರೆ ಬೇರೆ ಎತ್ತರದಿಂದ, ಮಕ್ಕಳ ಕಿವಿ ಇರುವ ಎತ್ತರದಿಂದಲೂ ಅಳೆದಳು. 2019ರಲ್ಲಿ ಆಕೆಯ ಪ್ರಬಂಧ ಕೆನಡಾದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದಾಗ ಆಕೆಗೆ 13 ವರ್ಷ. ಹಲವು ಡ್ರೈಯರ್‌ಗಳು 100 ಡೆಸಿಬೆಲ್ ದಾಟಿದ್ದವು, ಒಂದು 121ಕ್ಕೆ ಮುಟ್ಟಿತ್ತು. ಅದೇ ದೇಶದಲ್ಲಿ 100 ಡೆಸಿಬೆಲ್‌ಗಿಂತ ಜೋರಾದ ಆಟಿಕೆಯನ್ನು ಮಾರುವ ಹಾಗಿಲ್ಲ!

ಡೆಸಿಬೆಲ್ ಅನ್ನೋದು ಲಾಗರಿದಮಿಕ್ ಅಳತೆ. 10 ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55. ಅಲ್ಲಿಂದ 100ಕ್ಕೆ ಹೋದರೆ ಶಕ್ತಿಯಲ್ಲಿ 30 ಸಾವಿರ ಪಟ್ಟಿಗೂ ಹೆಚ್ಚು. ಇನ್ನೊಂದು ಮಾತು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿರುವ ಜಾನ್ ಲೆವಾಕ್ ಡ್ರೆವರ್ ಇದೇ ಡ್ರೈಯರ್‌ಗಳ ಮೇಲೆ 2013ರಲ್ಲಿ ಅಧ್ಯಯನ ಮಾಡಿದರು. ಪ್ರಯೋಗಾಲಯದಲ್ಲಿ ಅಳೆದ ಸದ್ದಿಗೂ, ಟೈಲ್ಸ್ ಹಾಕಿದ ಚಿಕ್ಕ ಕೋಣೆಯಲ್ಲಿ ಜನ ನಿಜಕ್ಕೂ ಕೇಳಿಸಿಕೊಳ್ಳುವ ಸದ್ದಿಗೂ ಬಹಳ ಅಂತರ ಇದೆ ಅನ್ನೋದು ಅದರಿಂದ ಗೊತ್ತಾಗುತ್ತೆ. ಟೈಲ್ಸ್ ಶಬ್ದವನ್ನು ಹೀರಲ್ಲ, ವಾಪಸ್ ಎಸೆಯುತ್ತೆ. ಸ್ನಾನದ ಮನೆಯಲ್ಲಿ ನಮ್ಮ ಹಾಡು ನಮಗೇ ಚೆನ್ನಾಗಿ ಕೇಳಿಸೋದು ಅದಕ್ಕೇ.

ಈ ಅಂಕಿಗಳು ಮನೆಯೊಳಗೆ ಹೇಗೆ ಬರುತ್ತವೆ ಅಂತ ಹೇಳ್ತೀನಿ. ನಮ್ಮಕ್ಕ ಹುಬ್ಬಳ್ಳಿಯಲ್ಲಿದ್ದಾಳೆ. ಅವಳ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ವರ್ಷಕ್ಕೆ ಎರಡು ಮೂರು ಸಲ ಕಾರಿನಲ್ಲಿ ಪುಣೆಗೆ ಬರ್ತಾರೆ, ಏಳೆಂಟು ಗಂಟೆ ದಾರಿ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ. ನಾವು ಈ ದಾರಿಯಲ್ಲಿ ಎಲ್ಲಿ ಮಿಸಳ್ ಚೆನ್ನಾಗಿದೆ ಅಂತ ಲೆಕ್ಕ ಇಡ್ತೀವಿ. ಅಕ್ಕ ಎಲ್ಲಿ ಡ್ರೈಯರ್ ಇಲ್ಲ ಅಂತ ಲೆಕ್ಕ ಇಡ್ತಾಳೆ. ಮೊದಮೊದಲು ಹೊರಡುವ ಹಿಂದಿನ ರಾತ್ರಿಯಿಂದಲೇ ಹುಡುಗನಿಗೆ ನೀರು ಕಡಿಮೆ ಕೊಡ್ತಿದ್ದಳು. ಅವನು ಗಂಟೆಗಟ್ಟಲೆ ತಡೆದುಕೊಂಡು ಕೂರ್ತಿದ್ದ. ಒಮ್ಮೆ ಮೂತ್ರದ ಸೋಂಕು ಆಗಿ ಡಾಕ್ಟರ್ ಹತ್ತಿರ ಹೋಗಿದ್ದೂ ಆಯ್ತು. ಗಂಡುಹುಡುಗ, ಹೊಲದ ಬದಿಗೆ ನಿಲ್ಲಿಸಬಹುದು ಅಂತ ಭಾವ ಹೇಳ್ತಾರೆ. ಹೆಣ್ಣುಮಗು ಆಗಿದ್ದರೆ ಏನು ಮಾಡಬೇಕಿತ್ತು? ಇನ್ನೊಂದು ತೊಂದರೆ ಈಗ ಶುರುವಾಗಿದೆ. ಅಕ್ಕ ಒಬ್ಬಳೇ ಇದ್ದಾಗ ಇಷ್ಟು ದೊಡ್ಡ ಹುಡುಗನನ್ನು ಹೆಂಗಸರ ಕಡೆಗೆ ಕರ್ಕೊಂಡು ಹೋದರೆ ಜನ ದುರುಗುಟ್ಟಿ ನೋಡ್ತಾರೆ. ಗಂಡಸರ ಕಡೆಗೆ ಅವಳು ಹೋಗೋ ಹಾಗಿಲ್ಲ.

ಈ ಹುಡುಗ ಯಾವ ಕಟ್ಟಡಕ್ಕೆ ಹೋದರೂ ಮೊದಲು ಕೇಳೋದು ಒಂದೇ: "ಮಾಮಾ, ಒಳಗ ಗಾಳಿ ಮಷೀನ್ ಐತೇನು?" ನಾನು ಒಳಗೆ ಹೋಗಿ ನೋಡಿ ಬರ್ತೀನಿ. "ಎರಡು ಅದಾವ, ಬಲಗಡೆ, ನಲ್ಲಿ ಪಕ್ಕ. ಈಗ ಒಳಗ ಒಬ್ಬರೇ ಅದಾರ" ಅಂತೀನಿ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಎಡಗಡೆ ಗೋಡೆಗೆ ಅಂಟಿಕೊಂಡು ಹೋಗಿ ಬರ್ತಾನೆ. ಅಂದ್ರೆ ಮಷೀನ್ ಇದ್ದರೂ ಅವನು ಹೋಗಬಲ್ಲ. ಹೇಳದೆ ಕೇಳದೆ ಶುರುವಾಗೋದನ್ನು ಅವನಿಗೆ ತಡೆಯೋಕೆ ಆಗಲ್ಲ. ಆಟಿಸಂ ಇರುವ ಎಲ್ಲರೂ ಹೀಗೇ ಅಂತ ನಾನು ಹೇಳ್ತಿಲ್ಲ. ಕೆಲವರಿಗೆ ಶಬ್ದ ಏನೂ ಅನ್ನಿಸಲ್ಲ, ಒದ್ದೆ ನೆಲ ಆಗಲ್ಲ. ಆದರೆ ಮುಂಚೆ ಗೊತ್ತಿರೋದು ಮತ್ತು ನಿಲ್ಲಿಸೋದು ನಮ್ಮ ಕೈಲಿರೋದು, ಇವೆರಡು ಬಹಳ ಜನರಿಗೆ ಬಹಳಷ್ಟು ಸಹಾಯ ಮಾಡುತ್ತವೆ.

ನಮ್ಮ ಕಸುಬಿನ ಮಾತಲ್ಲಿ ಹೇಳೋದಾದರೆ ಇದು ಇಂಟರಪ್ಟ್. ಪ್ರೊಸೆಸರ್ ಏನೋ ಮಾಡ್ತಿರುವಾಗ ಹೊರಗಿನಿಂದ ಸಿಗ್ನಲ್ ಬರುತ್ತೆ, ಕೆಲಸ ಬಿಟ್ಟು ಅದನ್ನು ನೋಡಬೇಕು. ಎಲ್ಲ ಪ್ರೊಸೆಸರ್‌ಗಳಲ್ಲೂ ಹೆಚ್ಚಿನ ಇಂಟರಪ್ಟ್‌ಗಳನ್ನು ಸ್ವಲ್ಪ ಹೊತ್ತು ತಡೆಹಿಡಿಯುವ ದಾರಿ ಇಟ್ಟಿರ್ತಾರೆ. ಶೌಚಾಲಯ ಕಟ್ಟುವವರು ಮಾತ್ರ ಆ ದಾರಿ ಇಟ್ಟಿಲ್ಲ. ಸೆನ್ಸರ್ ಫ್ಲಶ್ ತಗೊಳ್ಳಿ. ಇನ್‌ಫ್ರಾರೆಡ್ ಕಿರಣ ಬಿಟ್ಟು ಎದುರಿಗೆ ಯಾರಾದರೂ ಇದ್ದಾರಾ ನೋಡುತ್ತೆ, ಎದ್ದು ಹೋದರು ಅನ್ನಿಸಿದರೆ ನೀರು ಬಿಡುತ್ತೆ. ಚಿಕ್ಕ ಮೈಯ ಮಗು ಸ್ವಲ್ಪ ಮುಂದಕ್ಕೆ ಬಾಗಿದರೂ ಅದಕ್ಕೆ ಎದ್ದು ಹೋದ ಹಾಗೆ. ಮಗು ಇನ್ನೂ ಕೂತಿರುವಾಗಲೇ ಕೆಳಗಿನಿಂದ ನೀರು ಭೋರ್ಗರೆಯುತ್ತೆ. ಎಷ್ಟೋ ತಾಯಂದಿರು ಆ ಸೆನ್ಸರಿನ ಕಣ್ಣಿಗೆ ಅಂಟುಚೀಟಿ ಹಚ್ಚಿ ಮುಚ್ಚಿಬಿಡ್ತಾರೆ. ನನಗೆ ಗೊತ್ತಿರೋದರಲ್ಲಿ ಇದಕ್ಕಿಂತ ಅಗ್ಗದ ಉಪಾಯ ಇಲ್ಲ, ನೀವೂ ಬ್ಯಾಗಿನಲ್ಲಿ ಒಂದು ಕಟ್ಟು ಇಟ್ಕೊಳ್ಳಿ. ಇನ್ನು ಚಲನೆ ಕಂಡರಷ್ಟೇ ಉರಿಯುವ ದೀಪ. ಒಳಗೆ ಕೂತು ಕತ್ತಲಲ್ಲಿ ಕೈ ಬೀಸಿದವರು ಇಲ್ಲಿ ಎಷ್ಟು ಜನ? ನಮಗೆ ಅದು ನಗುವ ವಿಷಯ.

ಚೆನ್ನೈ, ಬೆಂಗಳೂರುಗಳಲ್ಲಿ ಇ-ಟಾಯ್ಲೆಟ್ ಬಂದಾಗ ನನಗೂ ಎಂಜಿನಿಯರ್ ಆಗಿ ಖುಷಿಯಾಗಿತ್ತು. ನಾಣ್ಯ ಹಾಕಿದರೆ ಬಾಗಿಲು ತೆರೆಯುತ್ತೆ, ದೀಪ ತಾನೇ ಹತ್ತುತ್ತೆ, ಧ್ವನಿ ಸೂಚನೆ ಕೊಡುತ್ತೆ, ನೀರು ತಾನೇ ಹರಿಯುತ್ತೆ. ನೀರಿನ ಉಳಿತಾಯಕ್ಕೆ, ಸ್ವಚ್ಛತೆಗೆ ಒಳ್ಳೆಯದೇ. ಆದರೆ ಒಂದು ಲೋಹದ ಪೆಟ್ಟಿಗೆಯೊಳಗೆ ಎಲ್ಲವೂ ತಂತಾನೇ ಆಗುವಾಗ ಒಳಗಿರುವ ಮನುಷ್ಯನ ಕೈಯಲ್ಲಿ ಏನು ಉಳಿಯಿತು? ವಂದೇ ಭಾರತ್ ರೈಲಿನ ವ್ಯಾಕ್ಯೂಮ್ ಫ್ಲಶ್ ಕೂಡ ಬಹಳ ಜೋರು. ಆದರೆ ಅಲ್ಲಿ ಬಟನ್ ನಾವೇ ಒತ್ತಬೇಕು. ಎದ್ದು ನಿಂತು, ಕಿವಿ ಮುಚ್ಚಿಕೊಂಡು, ಅಪ್ಪನೋ ಅಮ್ಮನೋ ಒತ್ತಬಹುದು. ಅಷ್ಟು ಸಾಕು, ಬಹಳ ವ್ಯತ್ಯಾಸ ಆಗುತ್ತೆ.

ಕಾನೂನು ಏನು ಹೇಳುತ್ತೆ? 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಆಟಿಸಂ ಅದರಲ್ಲಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಆಯ್ತು, ಆಟಿಸಂ ಸೇರಿತು. ಪಟ್ಟಿಗೆ ಸೇರಿತು, ಕಟ್ಟಡದೊಳಗೆ ಇನ್ನೂ ಸರಿಯಾಗಿ ಬಂದಿಲ್ಲ. ನಮ್ಮಲ್ಲಿ ಸುಗಮ ಶೌಚಾಲಯ ಅಂದ ಕೂಡಲೇ ಕಣ್ಣ ಮುಂದೆ ಬರೋದು ರ‍್ಯಾಂಪ್ ಮತ್ತು ಹಿಡಿಕಂಬಿ. 12 ಅಡಿಗೆ ಒಂದಡಿ ಏರುವ ಇಳಿಜಾರು, ಗಾಲಿಕುರ್ಚಿ ತಿರುಗೋಕೆ 1500 ಮಿಲಿಮೀಟರ್ ಜಾಗ. ಇವು ಬೇಕೇ ಬೇಕು, ಎಷ್ಟೋ ಕಡೆ ಇವೂ ಇಲ್ಲ. ಆದರೆ ಇವೆಲ್ಲ ಟೇಪಿನಲ್ಲಿ ಅಳೆಯುವಂಥವು. ಸದ್ದು, ವಾಸನೆಗೆ ನಾನು ನೋಡಿದ ತಪಾಸಣಾ ಪಟ್ಟಿಗಳಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಬ್ರಿಟನ್ನಿನ ಮಾನದಂಡ ಸಂಸ್ಥೆ 2022ರಲ್ಲೇ ಪಿಎಎಸ್ 6463 ಅನ್ನುವ ಮಾರ್ಗಸೂಚಿ ತಂದು, ಕಟ್ಟಡದ ಬೆಳಕು, ಶಬ್ದ, ವಾಸನೆ ಎಲ್ಲವನ್ನೂ ಇಂಥವರ ದೃಷ್ಟಿಯಿಂದ ನೋಡಿದೆ. ನಮ್ಮಲ್ಲಿ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮತೆಯ ನಿಯಮಗಳು ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯ ಮಾನದಂಡ ರೂಪಿಸಿ ಅಂತ ಕೇಂದ್ರಕ್ಕೆ ಹೇಳಿತು. ಆ ಮಾನದಂಡದಲ್ಲಿ ಡೆಸಿಬೆಲ್‌ಗೂ ಒಂದು ಸಾಲು ಇರಬೇಕು ಅನ್ನೋದು ನನ್ನ ವಾದ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಬರಲೇಬೇಕು. ನೀರೇ ಬರದ, ಬೋಲ್ಟೇ ಇಲ್ಲದ ಶೌಚಾಲಯಗಳ ದೇಶದಲ್ಲಿ ನೀನು ಡ್ರೈಯರ್ ಸದ್ದಿನ ಬಗ್ಗೆ ಮಾತಾಡ್ತಿದ್ದೀಯಲ್ಲಪ್ಪಾ ಅಂತ. ನಾನು ಕೇಳ್ತಿರೋದರಲ್ಲಿ ಹೆಚ್ಚಿನದಕ್ಕೆ ದುಡ್ಡೇ ಬೇಡ. ಹೊಸದಾಗಿ ಏನೂ ಕೂರಿಸಬೇಕಾಗಿಲ್ಲ, ಕೂರಿಸಿರೋದನ್ನು ಸ್ವಲ್ಪ ಸುಮ್ಮನಿರಿಸಬೇಕು. ಡ್ರೈಯರ್ ಪಕ್ಕದಲ್ಲೇ ಕೈಗೆ ಸಿಗುವ ಹಾಗೆ ಒಂದು ಸ್ವಿಚ್ ಇಡಿ. ಇಲ್ಲವೇ ಅದನ್ನು ಶೌಚಾಲಯದ ಹೊರಗೆ, ಪ್ಯಾಸೇಜಿಗೆ ಹಾಕಿ. ನಿಜ ಹೇಳಬೇಕಂದ್ರೆ ನಮ್ಮ ಜನಕ್ಕೆ ಡ್ರೈಯರ್ ಯಾಕೆ ಬೇಕು? ಅರ್ಧ ಜನ ಕರ್ಚೀಫಿನಲ್ಲಿ ಒರೆಸ್ಕೋತಾರೆ, ಉಳಿದರ್ಧ ಪ್ಯಾಂಟಿಗೆ, ಸೆರಗಿಗೆ. ಸೆನ್ಸರ್ ಫ್ಲಶ್‌ಗಳಲ್ಲಿ ಸಾಮಾನ್ಯವಾಗಿ ಎಷ್ಟು ದೂರದವರೆಗೆ ನೋಡಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವ ಸೆಟ್ಟಿಂಗ್ ಇರುತ್ತೆ. ಕೂರಿಸಿದ ದಿನ ಹೇಗಿತ್ತೋ ಹಾಗೇ ಬಿಟ್ಟಿರ್ತಾರೆ, ಅದನ್ನು ತಿದ್ದೋಕೆ ಪ್ಲಂಬರ್‌ಗೆ ಹತ್ತು ನಿಮಿಷ ಸಾಕು. ಪಕ್ಕದಲ್ಲಿ ಕೈಯಿಂದ ಒತ್ತುವ ಬಟನ್ ಇದ್ದರೆ ಇನ್ನೂ ಒಳ್ಳೆಯದು.

ವಾಸನೆಯ ವಿಷಯದಲ್ಲಿ ನಾವು ಮಾಡೋದು ಒಂದು ವಾಸನೆ ಮೇಲೆ ಇನ್ನೊಂದನ್ನು ಹೊದಿಸೋದು. ಎಕ್ಸಾಸ್ಟ್ ಫ್ಯಾನ್ ಸರಿಯಾಗಿ ಓಡಿದರೆ, ನೆಲ ತೊಳೆದು ವೈಪರ್ ಹಾಕಿ ಒಣಗಿಸಿದರೆ ಗುಳಿಗೆ, ಸೆಂಟು ಎರಡರ ಖರ್ಚೂ ಉಳಿಯುತ್ತೆ. ಅದು ಎಲ್ಲರಿಗೂ ಒಳ್ಳೆಯದು. ಹಳೇ ಚೋಕ್ ಇರುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕೆಲವರಿಗೆ ಅದರಿಂದಲೇ ತಲೆನೋವು ಬರುತ್ತೆ. ಬಲ್ಬ್ ಬದಲಿಸುವಾಗ ಫ್ಲಿಕರ್ ಇಲ್ಲದ್ದು ತನ್ನಿ, ಬೆಳಕನ್ನು ಕನ್ನಡಿಗೆ ನೇರವಾಗಿ ಬಿಡಬೇಡಿ. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಶಬ್ದ ಹೀರುವ ಸೀಲಿಂಗ್ ಹಾಕಿ. ಒಂದು ಫ್ಯಾಮಿಲಿ ಶೌಚಾಲಯ ಕಟ್ಟಿ, ಡ್ರೈಯರ್ ಇಲ್ಲದೆ. ಅದಕ್ಕೆ ಬೀಗ ಹಾಕಿ ಬಕೆಟ್, ಪೊರಕೆ ತುಂಬಬೇಡಿ.

ಮಾಹಿತಿ ಕೊಡೋದಂತೂ ನಾವು ಇವತ್ತೇ ಮಾಡಬಹುದು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಾಣದ ಅಂಗವೈಕಲ್ಯ ಇರುವವರಿಗೆ ಸೂರ್ಯಕಾಂತಿ ಚಿತ್ರದ ಹಸಿರು ಪಟ್ಟಿ ಕೊಡ್ತಾರೆ, ಕುತ್ತಿಗೆಗೆ ಹಾಕ್ಕೊಂಡರೆ ಸಿಬ್ಬಂದಿಗೆ ಗೊತ್ತಾಗುತ್ತೆ. ಅಂಥವರ ಜೊತೆ ಪ್ರಯಾಣ ಮಾಡ್ತಿದ್ದರೆ ಕೇಳಿ ತಗೊಳ್ಳಿ. ಇನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಹೋಟೆಲ್‌ಗೆ ರಿವ್ಯೂ ಬರೀತೀವಲ್ಲ, ಚಟ್ನಿ ಬಗ್ಗೆ ಎರಡು ಸಾಲಿನ ಜೊತೆ ಇನ್ನೊಂದು ಸಾಲು ಸೇರಿಸಿ: "ಶೌಚಾಲಯದಲ್ಲಿ ಜೋರಾದ ಡ್ರೈಯರ್ ಇದೆ", "ಫ್ಲಶ್ ಕೈಯಿಂದ", "ಫ್ಯಾಮಿಲಿ ಶೌಚಾಲಯ ಇದೆ". ಹೊರಡುವ ಮುಂಚೆ ಯಾವುದೋ ಅಕ್ಕ ಅದನ್ನು ಹುಡುಕಿ ಓದ್ತಿರ್ತಾಳೆ.

ಕೊನೆಗೆ, ಇಲ್ಲಿ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಯವರು ಕೆಲವರಿದ್ದೀರಿ. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋಕೆ ಹೋದಾಗ ಪಾರ್ಕಿಂಗ್ ನೋಡ್ತೀರಿ, ಮೈಕ್ ನೋಡ್ತೀರಿ. ಈ ಸಲ ಶೌಚಾಲಯದೊಳಗೂ ಹೋಗಿ ಒಂದು ನಿಮಿಷ ಸುಮ್ಮನೆ ನಿಂತು ಕೇಳಿ. ಡ್ರೈಯರ್ ಸ್ವಿಚ್ ಎಲ್ಲಿದೆ ಅಂತ ಮ್ಯಾನೇಜರ್‌ನ ಕೇಳಿ, ಕಾರ್ಯಕ್ರಮದ ದಿನ ಆಫ್ ಮಾಡಿಸಿ, ಪಕ್ಕದಲ್ಲಿ ಒಂದು ಪೇಪರ್ ನ್ಯಾಪ್ಕಿನ್ ಕಟ್ಟು ಇಡಿ. ಆಮಂತ್ರಣದ ವಾಟ್ಸ್ಆ್ಯಪ್ ಸಂದೇಶದಲ್ಲಿ ಊಟದ ವ್ಯವಸ್ಥೆ ಇದೆ ಅಂತ ಬರೆಯುವ ಜಾಗದ ಕೆಳಗೆ ಇದನ್ನೂ ಒಂದು ಸಾಲು ಬರೆಯಿರಿ. ಪ್ರಶ್ನೆಗಳಿದ್ದರೆ ತಗೋತೀನಿ.