ಕಟ್ಟೆಯ ಮೇಲಿನ ದಂಪತಿ



ಹಲಸೂರಿನ ಹಳೆಯ ಬೀದಿಗಳಲ್ಲಾಗಲಿ, ಕೆ.ಆರ್. ಪುರದ ಊರೊಳಗಾಗಲಿ ಓಡಾಡಿದವರಿಗೆ ಅಶ್ವತ್ಥಕಟ್ಟೆ ಹೊಸದೇನಲ್ಲ. ಒಂದು ಕಲ್ಲುಕಟ್ಟೆ, ಅದರ ಮೇಲೆ ಅರಿಸಿನ ಕುಂಕುಮ ಹಚ್ಚಿದ ನಾಗರಕಲ್ಲುಗಳು, ನಡುವೆ ಒಂದನ್ನೊಂದು ತಬ್ಬಿ ಬೆಳೆದ ಎರಡು ಮರ. ಒಂದು ಅರಳಿ, ಇನ್ನೊಂದು ಬೇವು. ದೂರದಿಂದ ಕಂಡವರು ಒಂದೇ ಮರವೆಂದುಕೊಳ್ಳುವುದೂ ಉಂಟು. ವಾಸ್ತವವಾಗಿ ಅವು ಗಂಡ ಹೆಂಡಿರು. ಊರವರ ಮುಂದೆ ಮದುವೆಯಾದವರು.

ಇದು ಬರಿಯ ಮಾತಿನ ಅಲಂಕಾರವಲ್ಲ. ಎರಡು ಸಸಿಗಳನ್ನು ಒಟ್ಟಿಗೆ ನೆಟ್ಟು, ಕೆಲವು ವರ್ಷ ಬೆಳೆದ ಮೇಲೆ ಅರಳಿಗೆ ಮೊದಲು ಉಪನಯನ ಮಾಡಿ, ಬಳಿಕ ಬೇವಿನೊಡನೆ ಮದುವೆ ನಡೆಸುವ ಪದ್ಧತಿ ನಮ್ಮಲ್ಲಿದೆ. ಜನಿವಾರ, ತಾಳಿ, ಊಟ ಎಲ್ಲವೂ ಉಂಟು. ಅರಳಿ ನಾರಾಯಣ, ಬೇವು ಲಕ್ಷ್ಮಿ ಎಂಬ ಭಾವನೆ. ಕೆಳಗಿನ ನಾಗರಕಲ್ಲಿನಲ್ಲಿ ಹೆಣೆದುಕೊಂಡಿರುವ ಎರಡು ಹಾವುಗಳೂ ಜೋಡಿಯೇ. ಸೋಮವಾರ ಬಂದ ಅಮಾವಾಸ್ಯೆಯಂದು ಮುತ್ತೈದೆಯರು ಅರಳಿಗೆ 108 ಪ್ರದಕ್ಷಿಣೆ ಹಾಕುವುದು ಗಂಡನ ಆಯುಸ್ಸಿಗಾಗಿ. (ಹೆಂಡತಿಯ ಆಯುಸ್ಸಿಗೆಂದು ಗಂಡಸರು ಸುತ್ತುವ ವ್ರತ ಮಾತ್ರ ಯಾಕೋ ಬಳಕೆಗೆ ಬರಲಿಲ್ಲ.)

1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದ ಮೇಲೆ ನಗರದ ಪೂರ್ವ ಭಾಗಕ್ಕೆ ಅನೇಕ ಭಾಷೆಯ ಜನ ಬಂದರು. ತಮಿಳರಿಗೆ ಅರಳಿ ‘ಅರಸ ಮರ’, ಬೇವು ‘ವೇಂಬು’. ತೆಲುಗರಿಗೆ ‘ರಾವಿ’ ಮತ್ತು ‘ವೇಪ’. ಹೆಸರು ಬೇರೆ ಬೇರೆಯಾದರೂ ಅವರ ನಾಡುಗಳಲ್ಲಿಯೂ ಈ ಜೋಡಿಗೆ ಮದುವೆ ಮಾಡುವ ರೂಢಿ ಇದೆ.

ದಾಂಪತ್ಯವನ್ನು ಮರದಲ್ಲಿ ಕಂಡವರು ನಾವಷ್ಟೇ ಅಲ್ಲ. ಸುಮಾರು 2000 ವರ್ಷಗಳ ಹಿಂದೆ ರೋಮಿನ ಕವಿ ಓವಿಡ್ ಫಿಲೆಮನ್ ಮತ್ತು ಬಾಕಿಸ್ ಎಂಬ ಬಡ ಮುದುಕ ಮುದುಕಿಯ ಕಥೆ ಹೇಳಿದ್ದಾನೆ. ವೇಷ ಮರೆಸಿ ಬಂದ ದೇವತೆಗಳಿಗೆ ಉಣಬಡಿಸಿದ ಅವರು ಕೇಳಿದ ವರ, ಒಬ್ಬರ ಸಾವನ್ನು ಇನ್ನೊಬ್ಬರು ನೋಡದಿರಲಿ ಎಂಬುದು. ಕೊನೆಗೆ ಒಬ್ಬ ಓಕ್ ಮರವಾದ, ಇನ್ನೊಬ್ಬಳು ಲಿಂಡೆನ್ ಮರವಾದಳು. ಅಲ್ಲಿ ಮನುಷ್ಯರು ಮರವಾದರು, ನಮ್ಮಲ್ಲಿ ಮರಗಳು ಸಂಸಾರಿಗಳಾದವು. ಈ ವ್ಯತ್ಯಾಸ ಸಣ್ಣದಲ್ಲ. ಮದುವೆ ಎಂದರೆ ಹಿರಿಯರು ಬೇಕು, ಬೀಗರು ಬೇಕು. ಮರಗಳ ಮದುವೆಯಲ್ಲಿ ಇಡೀ ಬೀದಿಯೇ ಬೀಗರ ಮನೆ. ತಾವೇ ಧಾರೆ ಎರೆದುಕೊಟ್ಟ ಮರಕ್ಕೆ ಕೊಡಲಿ ಹಾಕಲು ಯಾರಿಗೆ ಮನಸ್ಸು ಬಂದೀತು? ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಈ ನಂಟಸ್ತಿಕೆ ಕಾವಲಿತ್ತು. ಇಂದಿರಾನಗರದಂಥ ಬಡಾವಣೆಗಳು ಬಿನ್ನಮಂಗಲದಂಥ ಹಳ್ಳಿಗಳನ್ನು ನುಂಗಿದಾಗ ಹೊಲ, ತೋಟ ಹೋದವು. ಕಟ್ಟೆಯನ್ನು ಮುಟ್ಟುವಾಗ ಮಾತ್ರ ಕೈ ಹಿಂಜರಿಯಿತು. ಮದುವೆಯಾಗದ ಸಾಲುಮರಗಳಿಗೆ ಆ ಭಾಗ್ಯವಿರಲಿಲ್ಲ. ಸಿ.ಎಂ.ಎಚ್. ರಸ್ತೆಯ ಮೇಲೆ 2011ರ ಅಕ್ಟೋಬರ್ 20ರಂದು ಮೆಟ್ರೊ ಓಡತೊಡಗುವ ಮೊದಲು ಅಲ್ಲಿನ ಮರಗಳು ಉರುಳಿದ್ದವು.

ಸಸ್ಯಶಾಸ್ತ್ರ ಏನು ಹೇಳುತ್ತದೆ? ಅರಳಿ ಆಲ, ಅತ್ತಿಗಳ ಕುಲದ್ದು. ಬೇವು ಬೇರೆಯೇ ಕುಟುಂಬ. ಕಾಂಡಗಳು ಎಷ್ಟೇ ಬಿಗಿಯಾಗಿ ಹೆಣೆದುಕೊಂಡರೂ ಒಂದರ ರಸ ಇನ್ನೊಂದಕ್ಕೆ ಹರಿಯುವುದಿಲ್ಲ. ಎರಡು ಜೀವ ಸೇರಿ ಒಂದಾಯಿತು ಎಂದು ನಾವು ಹೇಳುವುದುಂಟು. ಅವು ಒಂದಾಗಿಲ್ಲ, ಒಟ್ಟಿಗೆ ಇವೆ. ಆಯುಸ್ಸೂ ಸಮನಲ್ಲ. ಅರಳಿ ಬಹುಕಾಲ ಬಾಳುವ ಮರ. ಶ್ರೀಲಂಕೆಯ ಅನುರಾಧಪುರದ ಬೋಧಿವೃಕ್ಷ ಕ್ರಿಸ್ತಪೂರ್ವ 288ರಲ್ಲಿ ನೆಟ್ಟದ್ದೆಂದು ಪ್ರತೀತಿ. ಬೇವಿಗೆ ಅಷ್ಟು ಆಯುಸ್ಸಿಲ್ಲ. ಮೇಲಾಗಿ ಅರಳಿಯ ಬೇರು ಬಲವಾದದ್ದು, ಗೋಡೆಯನ್ನೇ ಸೀಳುವಂಥದ್ದು. ಪಕ್ಕದಲ್ಲಿರುವ ಬೇವು ಬದುಕಬೇಕಾದರೆ ಬುಡದಲ್ಲಿ ಮಣ್ಣೂ ನೀರೂ ಸಾಕಷ್ಟು ಇರಬೇಕು.

ಈಗ ಕಟ್ಟೆಗೆ ಬಂದಿರುವ ಕುತ್ತು ಅದೇ. ಭಕ್ತಿ ಹೆಚ್ಚಾದಂತೆ ಕಟ್ಟೆಗಳಿಗೆ ಸಿಮೆಂಟು, ಟೈಲ್ಸು, ಗ್ರಾನೈಟ್ ಬರುತ್ತಿವೆ. ಕಾಂಡದವರೆಗೂ ಕಾಂಕ್ರೀಟ್ ಒತ್ತಿದರೆ ಮಳೆನೀರು ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಕೊಡಲಿಯಿಂದ ಉಳಿದದ್ದು ಹೀಗೆ ಸೊರಗುತ್ತದೆ.

ಯುಗಾದಿಯ ಹೊತ್ತಿಗೆ ಎರಡೂ ಹಳೆಯ ಎಲೆ ಉದುರಿಸಿರುತ್ತವೆ. ಅರಳಿಯಲ್ಲಿ ತಾಮ್ರದ ಬಣ್ಣದ ಚಿಗುರು, ಬೇವಿನಲ್ಲಿ ಹೂವು. ಬೇವು ಬೆಲ್ಲಕ್ಕೆಂದು ಹೂ ಕೀಳಲು ಕಟ್ಟೆಗೆ ಹೋದಾಗ ಬುಡದಲ್ಲಿ ಮಣ್ಣು ಕಾಣುತ್ತದೆಯೇ ನೋಡಿ. ಕಟ್ಟೆ ರಿಪೇರಿಗೆ ಚಂದಾ ಕೇಳಿಕೊಂಡು ಬಂದವರಿಗೆ, ಗ್ರಾನೈಟ್ ಬೇಡ, ಸುತ್ತ ಎರಡು ಅಡಿ ಮಣ್ಣು ಬಿಡಿ ಎನ್ನುವುದಕ್ಕೆ ಅದೇ ಸರಿಯಾದ ಹೊತ್ತು.